ಸರ್ಟಿಫಿಕೇಟ್ ಬಂತು, ಕುರ್ಚಿ ಬರಲಿಲ್ಲ

ಎರಡು ವರ್ಷದ ಹಿಂದೆ ನಾನೊಂದು ಲೀಡರ್‌ಶಿಪ್ ಕೋರ್ಸ್ ಮಾಡಿದೆ. ಮೂರು ತಿಂಗಳು, ಆನ್‌ಲೈನ್. ಅರ್ಧಕ್ಕರ್ಧ ವೀಡಿಯೋಗಳನ್ನು ಒಂದೂವರೆ ಪಟ್ಟು ಸ್ಪೀಡಲ್ಲಿ ಓಡಿಸಿ ಮುಗಿಸಿದ್ದು. ಸರ್ಟಿಫಿಕೇಟನ್ನು ಲಿಂಕ್ಡ್‌ಇನ್‌ಗೆ ಏರಿಸಿದೆ. ಮುಂದಿನ ಅಪ್ರೈಸಲ್‌ನಲ್ಲಿ ಹುದ್ದೆಯ ಜೊತೆ 'ಲೀಡ್' ಅಂತ ಸೇರಿತು, ಸಂಬಳವೂ ಏರಿತು.

ಅದೇ ವರ್ಷ ನಮ್ಮ ದೊಡ್ಡಪ್ಪನ ಮಗಳು ಕ್ರಿಟಿಕಲ್ ಕೇರ್ ನರ್ಸಿಂಗ್‌ನಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮುಗಿಸಿದಳು. ಅಕ್ಕ ಅದಕ್ಕೂ ಮೊದಲು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಎಂಟು ವರ್ಷ ದುಡಿದವಳು. ವಾಪಸ್ ಹೋದಾಗ ಸಿಕ್ಕಿದ್ದು ಅದೇ ಬೆಡ್‌ಗಳು, ಅದೇ ಡ್ಯೂಟಿ ರೋಸ್ಟರ್, ಅದೇ 'ಸ್ಟಾಫ್ ನರ್ಸ್' ಬ್ಯಾಡ್ಜು. ಸಂಬಳ ಎಷ್ಟು ಜಾಸ್ತಿ ಆಯ್ತಕ್ಕ ಅಂದೆ. "ಸ್ಕೂಟರ್ ಪೆಟ್ರೋಲಿಗೆ ಸಾಕಾಗತ್ತೆ ಕಣೋ" ಅಂದಳು.

ಕುತೂಹಲಕ್ಕೆ ಅವಳ ಪುಸ್ತಕಗಳನ್ನು ತಂದು ಓದಿದೆ. ವೆಂಟಿಲೇಟರ್, ಇಸಿಜಿ, ರಕ್ತದಲ್ಲಿನ ಆಮ್ಲಜನಕದ ಲೆಕ್ಕ ಇವೆಲ್ಲ ಇರುವ ಭಾಗ ಗಟ್ಟಿಯಾಗಿದೆ, ಅದರ ಬಗ್ಗೆ ಮಾತಾಡುವ ಯೋಗ್ಯತೆಯೂ ನನಗಿಲ್ಲ. ಆದರೆ ಬಿ.ಎಸ್‌ಸಿ. ಕಾಲದ ಮ್ಯಾನೇಜ್‌ಮೆಂಟ್ ಪುಸ್ತಕ ತೆರೆದರೆ ಹಳೇ ನೆಂಟರು ಸಿಕ್ಕ ಹಾಗಾಯ್ತು. ನಾಯಕರಲ್ಲಿ ಮೂರು ವಿಧ, ಮತ್ತೆ ಪಾಸ್ಡ್‌ಕಾರ್ಬ್! ಎಂಬಿಎ ಓದಿದವರಿಗೆ ಗೊತ್ತಿರತ್ತೆ, ಅಮೆರಿಕದಲ್ಲಿ ಲೂಥರ್ ಗುಲಿಕ್ 1937ರಲ್ಲಿ ಸರ್ಕಾರಿ ಆಡಳಿತದ ಬಗ್ಗೆ ಬರೆಯುವಾಗ ಕಟ್ಟಿದ ಪದ ಅದು. ಪರೀಕ್ಷೆಗೆ ಉರು ಹೊಡೆಯೋಕೆ ಚೆನ್ನಾಗಿದೆ. ರಾತ್ರಿ ಮೂರು ಗಂಟೆಗೆ ಐದು ವೆಂಟಿಲೇಟರ್‌ಗೆ ಮೂವರೇ ನರ್ಸುಗಳಿದ್ದಾಗ, ಆರನೇ ರೋಗಿಯನ್ನು ಕಳಿಸ್ತೀವಿ ಅಂತ ಎಮರ್ಜೆನ್ಸಿಯಿಂದ ಫೋನ್ ಬಂದರೆ ಏನು ಮಾಡಬೇಕು ಅನ್ನೋದು ಅದರಲ್ಲಿಲ್ಲ.

ಅಕ್ಕನಿಗೆ ಉತ್ತರ ಗೊತ್ತು. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುವ ನಿಯಮವೂ ಗೊತ್ತು. "ಆಗಲ್ಲ" ಅನ್ನುವ ಅಧಿಕಾರ ಮಾತ್ರ ಇಲ್ಲ. ನನ್ನ ತಕರಾರು ಶುರುವಾಗೋದೇ ಇಲ್ಲಿ. ಕೋರ್ಸು ಅಂದರೆ ಅರ್ಧ ಒಪ್ಪಂದ. ಓದೋದು ನರ್ಸಿನ ಪಾಲು. ಓದಿದವರಿಗೆ ಹುದ್ದೆ, ನಿರ್ಧಾರದ ಹಕ್ಕು, ಸಂಬಳ ಕೊಡೋದು ಆಸ್ಪತ್ರೆಯ ಪಾಲು. ನಮ್ಮಲ್ಲಿ ಮೊದಲರ್ಧ ಮಾತ್ರ ನಡೆಯುತ್ತೆ.

ಭಾರತೀಯ ನರ್ಸಿಂಗ್ ಪರಿಷತ್ತು 2017ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಅನ್ನೋ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ತಂದಿತು. ಒಳ್ಳೇ ಯೋಚನೆ. ಇದರ ಮೂಲ ಅಮೆರಿಕದ ಕೊಲೊರಾಡೊ. ಅಲ್ಲಿ 1965ರಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸು, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಶುರು ಮಾಡಿದರು. ಡಾಕ್ಟರುಗಳಷ್ಟೇ ಅಲ್ಲ, ನರ್ಸಿಂಗ್ ಪ್ರೊಫೆಸರುಗಳೂ ಆಗ ಮೂಗು ಮುರಿದಿದ್ದರು. ಇವತ್ತು ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅವರು ಡಾಕ್ಟರ ಮೇಲ್ವಿಚಾರಣೆ ಇಲ್ಲದೆಯೇ ಔಷಧಿ ಬರೆಯಬಹುದು. ಬರೀ ಸಿಲಬಸ್‌ನಿಂದ ಇದಾಗಲಿಲ್ಲ. ರಾಜ್ಯಗಳ ಕಾನೂನು ಒಂದೊಂದಾಗಿ ಬದಲಾಯಿತು, 1997ರ ಕಾಯ್ದೆಯ ನಂತರ ಮೆಡಿಕೇರ್ ವಿಮೆ ಅವರಿಗೇ ನೇರ ದುಡ್ಡು ಕೊಡತೊಡಗಿತು. ನಾವು ಕೋರ್ಸನ್ನು ತಂದುಕೊಂಡು, ಉಳಿದದ್ದನ್ನು ಅಲ್ಲೇ ಬಿಟ್ಟು ಬಂದೆವು.

ನಮ್ಮಲ್ಲೇ ಒಂದು ಉಲ್ಟಾ ಉದಾಹರಣೆ ಇದೆ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ನರ್ಸುಗಳು ಆರು ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಮುಗಿಸಿ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ 'ಸಮುದಾಯ ಆರೋಗ್ಯ ಅಧಿಕಾರಿ'ಯಾಗಿ ಹೋಗ್ತಾರೆ. ಕೆಲಸ ಗುತ್ತಿಗೆಯದು, ಅದರ ಗೋಳು ಬೇರೆಯೇ ಇದೆ. ಆದರೂ ಬಿಪಿ, ಶುಗರ್ ನೋಡಿ ಮಾತ್ರೆ ಕೊಡೋದು, ಆಶಾ ಕಾರ್ಯಕರ್ತೆಯರನ್ನೊಳಗೊಂಡ ತಂಡ ನಡೆಸೋದು ಅವರ ಕೆಲಸ. ಆರು ತಿಂಗಳಿಗೆ ಕುರ್ಚಿ ಕೊಡಬಹುದಾದರೆ, ನಗರದ ಐಸಿಯುನಲ್ಲಿ ಒಂದು ವರ್ಷಕ್ಕೆ ಯಾಕಾಗಲ್ಲ?

ಎಚ್ಆರ್‌ನಲ್ಲಿರುವ ಗೆಳೆಯನೊಬ್ಬ ಹೇಳ್ತಾನೆ, "ಓದಿಸಿದ್ರೆ ಇಂಗ್ಲೆಂಡಿಗೆ ಹಾರ್ತಾರೆ ಮಗಾ." ಇಲ್ಲಿ ಮೇಲೇರೋಕೆ ಮೆಟ್ಟಿಲು ಇಲ್ಲದಿದ್ರೆ ಹಾರದೆ ಇನ್ನೇನು ಮಾಡ್ತಾರೆ? ಇರೋ ಒಂದೇ ಮೆಟ್ಟಿಲು ಸೀನಿಯಾರಿಟಿಯದು: ವಾರ್ಡ್ ಇನ್‌ಚಾರ್ಜ್, ಆಮೇಲೆ ಸೂಪರಿಂಟೆಂಡೆಂಟ್. ಅದನ್ನು ಹತ್ತಿದಷ್ಟೂ ರೋಗಿಯಿಂದ ದೂರ, ಫೈಲಿಗೆ ಹತ್ತಿರ. ವೆಂಟಿಲೇಟರ್ ಚೆನ್ನಾಗಿ ಗೊತ್ತಿರೋರನ್ನೆಲ್ಲ ಇಂಡೆಂಟ್ ಪುಸ್ತಕದ ಮುಂದೆ ಕೂರಿಸಬೇಕು ಅಂತ ನಾನು ಹೇಳ್ತಿಲ್ಲ, ಅಕ್ಕನಿಗೂ ಅದು ಬೇಡ. ಬೆಡ್ ಪಕ್ಕದಲ್ಲೇ ನಿಂತು, ಹೊಸಬರಿಗೆ ಕಲಿಸ್ತಾ, ಆರನೇ ರೋಗಿಯ ವಿಷಯದಲ್ಲಿ ಕೊನೇ ಮಾತು ಹೇಳುವ ಹುದ್ದೆ ಅವಳಿಗೆ ಬೇಕು. ಅವಳ ಆಸ್ಪತ್ರೆಯಲ್ಲಿ ಅಂಥ ಹುದ್ದೆಯೇ ಇಲ್ಲ.

ಇನ್ನು ಸಂಬಳ. 2016ರ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ ಖಾಸಗಿ ನರ್ಸುಗಳಿಗೆ ಕನಿಷ್ಠ 20,000 ರೂಪಾಯಿ, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಅಂತ ಶಿಫಾರಸು ಮಾಡಿತು. ಶಿಫಾರಸು ತಾನೇ. ಅಲ್ಲೂ ಅಳೆದದ್ದು ಹಾಸಿಗೆಗಳನ್ನು.

ಹೋದ ತಿಂಗಳು ಅಕ್ಕನ ಮನೆಗೆ ಹೋದಾಗ ಜೂನಿಯರ್ ಒಬ್ಬಳು ಬಂದಿದ್ದಳು, ಈ ಕೋರ್ಸ್ ಮಾಡಲಾ ಬೇಡ್ವಾ ಅಂತ ಕೇಳೋಕೆ. ಅಕ್ಕ ಕಾಫಿ ಸೋಸ್ತಾ ಹೇಳಿದಳು: "ಮಾಡು, ಖಂಡಿತ ಮಾಡು. ಆದ್ರೆ ಸೇರೋಕೆ ಮುಂಚೆ ಎಚ್ಆರ್‌ಗೆ ಒಂದು ಮೇಲ್ ಹಾಕು, ಮುಗಿದ್ಮೇಲೆ ನನ್ ಪೋಸ್ಟ್ ಏನು ಅಂತ. ಬಾಯಲ್ಲಿ ಹೇಳಿದ್ರೆ ಒಪ್ಕೋಬೇಡ."