ಮೌನವು ಸಮ್ಮತಿಯೇ?

ಕೆಲವು ತಿಂಗಳ ಹಿಂದೆ ಮಂಗಳೂರಿನ ಒಂದು ಕಾಲೇಜಿನ ಸಭಾಭವನದಲ್ಲಿ, ಹಿಂದಿನ ಸಾಲಿನ ಕುರ್ಚಿಯೊಂದರಲ್ಲಿ ಕುಳಿತಿದ್ದೆ. ಅಂದಿನ ವಿಷಯ, ಗಂಡು ಹೆಣ್ಣಿನ ಸಂಬಂಧದಲ್ಲಿ ಸಮ್ಮತಿ. ಪರದೆಯ ಮೇಲೆ ಕಾನೂನಿನ ಕಲಮುಗಳು ಒಂದರ ಹಿಂದೊಂದು ಬಂದು ಹೋದವು. ಎಷ್ಟು ವರ್ಷದ ಸಜೆ, ದೂರನ್ನು ಯಾರಿಗೆ ಕೊಡಬೇಕು ಎಂಬುದೆಲ್ಲ ಸಾಂಗವಾಗಿ ಆಯಿತು. ಪ್ರಶ್ನೆಗಳುಂಟೇ ಎಂದಾಗ ಒಬ್ಬ ಹುಡುಗ ಎದ್ದು, “ಅವಳು ಏನೂ ಹೇಳದೆ ಸುಮ್ಮನಿದ್ದರೆ? ಮೌನಂ ಸಮ್ಮತಿ ಲಕ್ಷಣಂ ಅಂತ ಉಂಟಲ್ಲ, ಮೇಡಂ?” ಎಂದ. ಸಭೆಯೆಲ್ಲ ನಕ್ಕಿತು. ಭಾಷಣಕ್ಕೆ ಬಂದವರೂ ನಕ್ಕರು. ಹೊತ್ತಾಯಿತೆಂದು ವಂದನಾರ್ಪಣೆ ನಡೆಯಿತು.

ನಾನೂ ನಕ್ಕವನೇ. ಮನೆಯ ದಾರಿ ಹಿಡಿದ ಮೇಲೆ ಮಾತ್ರ ಆ ನಗು ನಿಲ್ಲಲಿಲ್ಲ. ಹುಡುಗ ಕುಚೋದ್ಯಕ್ಕೆ ಕೇಳಿದನೋ, ತಿಳಿಯದೆ ಕೇಳಿದನೋ ಹೇಳಲಾರೆ. ಆದರೆ ಅಂದಿನ ಪಾಠವೆಲ್ಲ ಅಡಗಿದ್ದದ್ದು ಆ ಒಂದು ಪ್ರಶ್ನೆಯಲ್ಲಿ. ಉತ್ತರ ಸಿಗದೆ ಹೋದದ್ದೂ ಅದೊಂದಕ್ಕೇ.

ಕಾನೂನಿನಲ್ಲಿ ಉತ್ತರವಿಲ್ಲವೆಂದಲ್ಲ. 2013ರ ತಿದ್ದುಪಡಿಯಲ್ಲಿಯೇ ಅದು ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿಯೂ ಉಳಿದಿದೆ. ಸಮ್ಮತಿಯೆಂದರೆ ಸಂದೇಹಕ್ಕೆ ಎಡೆಯಿಲ್ಲದೆ, ಸ್ವಂತ ಇಚ್ಛೆಯಿಂದ, ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಿದ ಒಪ್ಪಿಗೆ. ಮೈಬಲದಿಂದ ಎದುರಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯುವಂತಿಲ್ಲ. ಆದರೆ ಕಾನೂನು ಬಾಗಿಲು ತಟ್ಟುವುದು ಕೇಡು ಆದ ಮೇಲೆ. ಎದುರಿಗಿರುವ ಜೀವದ ಮೌನವನ್ನು ಅದಕ್ಕೆ ಮುಂಚೆಯೇ ಓದಲು ಕಲಿಸುವವರು ಯಾರು? ಅದು ಸಾಹಿತ್ಯದ ಕೆಲಸವೆಂದು ನನ್ನ ನಂಬಿಕೆ. ಈ ಊರಿನ ಮಟ್ಟಿಗೆ ಆ ಸಾಹಿತ್ಯವನ್ನು ದೂರದಿಂದ ತರಿಸಬೇಕಾದ ಅಗತ್ಯವೂ ಇಲ್ಲ.

1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಒಂದು ಪುಸ್ತಕ ಹೊರಬಿದ್ದಿತು: ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಹೆಸರು. ಬರೆದವರು ಪೋಲೀಸು ಇಲಾಖೆಯಲ್ಲಿದ್ದವರು. ನಾನು ಅದನ್ನು ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಹೇಗೆ ಹೇಳಿದೆ? ಕರ್ತೃ ಯಾರು, ವರ್ಷ ಯಾವುದು, ಅಚ್ಚಾದದ್ದೆಲ್ಲಿ. ಐದು ಅಂಕಕ್ಕೆ ಟಿಪ್ಪಣಿ. ಹುಡುಗರು ಬರೆದುಕೊಂಡರು, ಪಾಸಾದರು. ಇಂದಿರೆ ಏನೆಂದಳು ಎಂದು ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ.

ಇಂದಿರೆ ಎಳೆಯ ವಿಧವೆ. ತಾಯಿ ಅಂಬಾಬಾಯಿ ಮಗಳನ್ನು ಕಪಟ ಸಂತರ ಸೇವೆಗೆ ದೂಡುತ್ತಾಳೆ. ಆ ಸೇವೆಯ ಅರ್ಥವೇನೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. ಮಗಳು ಒಲ್ಲೆನೆನ್ನುತ್ತಾಳೆ. ಮನೆ ಬಿಟ್ಟು ಅಮೃತರಾಯರ ಆಶ್ರಯಕ್ಕೆ ಹೋಗಿ, ಓದು ಕಲಿತು, ಕೊನೆಗೆ ಮರುಮದುವೆಯಾಗುತ್ತಾಳೆ. ಕಾದಂಬರಿಗೆ ಎಂಟು ವರ್ಷ ಮುಂಚೆ, 1891ರಲ್ಲಿ, ಸರಕಾರ ಹೆಣ್ಣಿನ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತ್ತು. ಬಾಲ್ಯದಲ್ಲಿ ತನಗೆ ತಿಳಿಯದೆ ಆದ ಮದುವೆಯನ್ನು ಒಪ್ಪದ ರಖ್ಮಾಬಾಯಿಗೆ, ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಸೆರೆಮನೆಗೆ ಹೋಗು ಎಂದು ಮುಂಬಯಿಯ ಹೈಕೋರ್ಟು 1887ರಲ್ಲಿ ಹೇಳಿತ್ತು. ದೇಶವೆಲ್ಲ ಹೆಣ್ಣಿನ ವಯಸ್ಸನ್ನು ಎಣಿಸುತ್ತಿದ್ದ ಕಾಲದಲ್ಲಿ ಗುಲ್ವಾಡಿಯವರು ಅವಳ ಮಾತನ್ನು ಕೇಳಿಸಿಕೊಂಡರು. ಇದು ಸಣ್ಣ ಸಾಧನೆಯಲ್ಲ.

ಆದರೂ ವಿಮರ್ಶಕನಾದವನು ದೋಷವನ್ನು ಮರೆಸಬಾರದು. ಈ ಕೃತಿಯಲ್ಲಿ ಒಳ್ಳೆಯವರು ಬಹಳ ಒಳ್ಳೆಯವರು, ಕೆಟ್ಟವರು ಬಹಳ ಕೆಟ್ಟವರು. ಕಪಟ ಸಂತನೆದುರು ‘ಒಲ್ಲೆ’ ಎನ್ನುವುದನ್ನು ಓದುಗನು ಕೂಡಲೇ ಮೆಚ್ಚುತ್ತಾನೆ. ತಾನು ಆ ಸಂತನಲ್ಲವೆಂದು ಸಮಾಧಾನವಾಗಿ ಪುಸ್ತಕ ಮುಚ್ಚುತ್ತಾನೆ. ಕಾಲೇಜಿನ ಹುಡುಗಿಗೆ ಎದುರಾಗುವವನಾದರೋ ಸಾಮಾನ್ಯವಾಗಿ ವೇಷಧಾರಿಯಲ್ಲ. ಪರಿಚಯದವನು, ಸ್ನೇಹಿತನು, ಪ್ರೀತಿಸುತ್ತೇನೆನ್ನುವವನು.

ಅಲ್ಲಿಗೆ ನಮಗೆ ಸಾರಾ ಅಬೂಬಕ್ಕರ್ ಬೇಕಾಗುತ್ತಾರೆ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿ, 2023ರ ಜನವರಿಯಲ್ಲಿ ತೀರಿಕೊಂಡ ಈ ಲೇಖಕಿಯ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ಬಂದ ಕಾದಂಬರಿ. ನಾದಿರಾಳನ್ನು ತಂದೆಯೇ ಗಂಡನಿಂದ ಬೇರ್ಪಡಿಸಿ ತಲಾಖು ಪಡೆಯುತ್ತಾನೆ. ಗಂಡ ರಶೀದನಿಗೆ ಅವಳ ಮೇಲೆ ಪ್ರೀತಿಯುಂಟು. ಮರಳಿ ಕರೆದುಕೊಳ್ಳಲೂ ಮನಸ್ಸುಂಟು. ಆದರೆ ಅದಕ್ಕೆ ಮೊದಲು ಅವಳು ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಳೆ ಅಡ್ಡ ಬರುತ್ತದೆ. ಆ ರಾತ್ರಿಯನ್ನು ಅವಳು ದಾಟಲಾರಳು. ಮಸೀದಿಯ ಕೆರೆಯಲ್ಲಿ ಅವಳ ಬಾಳು ಮುಗಿಯುತ್ತದೆ. ಇಲ್ಲಿ ರಾಕ್ಷಸರಾರೂ ಇಲ್ಲ. ಎಲ್ಲರೂ ಅವಳ ಹಿತವನ್ನೇ ಬಯಸುವವರು, ಅವಳ ಪರವಾಗಿ ತೀರ್ಮಾನಿಸುವವರು. ಅವಳ ಮನಸ್ಸಿನಲ್ಲಿದ್ದದ್ದೇನೆಂಬುದು ತಿಳಿಯುವ ಹೊತ್ತಿಗೆ ಅವಳೇ ಇಲ್ಲ. ಇಂದಿರೆಯ ‘ಒಲ್ಲೆ’ಗಿಂತ ನಾದಿರಾಳ ಮೌನ ನನಗೆ ಹೆಚ್ಚು ಕಲಿಸಿದೆ.

ಒಂದು ಹಿಂದೂ ಮನೆಯೊಳಗಿನ ಕತೆ, ಇನ್ನೊಂದು ಮುಸಲ್ಮಾನ ಮನೆಯೊಳಗಿನದು. ಇಬ್ಬರು ಲೇಖಕರೂ ಗುಡಿಸಿದ್ದು ತಮ್ಮ ತಮ್ಮ ಮನೆಯ ಅಂಗಳವನ್ನೇ. ನೆರೆಮನೆಯ ಕಸಕ್ಕೆ ಬೆರಳು ತೋರಿಸುವ ಇಂದಿನ ದಿನಗಳಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಮಂಗಳೂರಿಗೆ ಇನ್ನೂ ಒಂದು ತೊಡಕುಂಟು. 2009ರಲ್ಲಿ ಇಲ್ಲಿನ ಪಬ್ಬೊಂದರಲ್ಲಿದ್ದ ಹೆಣ್ಣುಮಕ್ಕಳ ಮೇಲೆ ಕೈಮಾಡಿದರು. 2012ರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಎಳೆಯರನ್ನು ಹೋಂಸ್ಟೇಯೊಂದಕ್ಕೆ ನುಗ್ಗಿ ಥಳಿಸಿದರು. ಅಲ್ಲಿ ನಡೆದದ್ದು ಹೆಣ್ಣಿನ ‘ಬೇಡ’ವನ್ನು ಮೀರಿದ್ದಲ್ಲ, ಅವಳ ‘ಹೂಂ’ ಅನ್ನು ಅಲ್ಲಗಳೆದದ್ದು. ಎಲ್ಲಿಗೆ ಹೋಗಬೇಕು, ಯಾರೊಡನೆ ಮಾತನಾಡಬೇಕು ಎಂದು ನಿಶ್ಚಯಿಸುವ ಹಕ್ಕು ಅವಳದಲ್ಲ ಎಂಬುದೇ ಎರಡರ ಬೇರು. ‘ಹೂಂ’ ಎನ್ನಲು ಬಿಡದ ಊರಿನಲ್ಲಿ ‘ಬೇಡ’ಕ್ಕೆ ಬೆಲೆ ಬರುವುದು ಕಷ್ಟ. ಹುಡುಗಿಗೆ ಕೇಡಾದರೂ ಬಾಯಿಬಿಡಲು ಅಂಜಿಕೆ. ನೀನು ಅಲ್ಲಿಗೆ ಹೋದದ್ದೇಕೆ ಎಂಬ ಪ್ರಶ್ನೆಯೇ ಮೊದಲು ಬರುವುದೆಂದು ಅವಳು ಬಲ್ಲಳು. ಕಾನೂನೂ ಪೂರ್ತಿ ಬದಲಾಗಿಲ್ಲ. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಆ 63ನೆಯ ಕಲಮು ಇಂದಿಗೂ ಗಂಡನಿಗೆ ಅನ್ವಯಿಸದು. ಒಮ್ಮೆ ಕಟ್ಟಿದ ತಾಳಿಯೇ ಬಾಳಿನುದ್ದದ ಸಮ್ಮತಿಯೆಂದು ಅದು ಭಾವಿಸಿದಂತಿದೆ.

ಹಾಗಾದರೆ ಮಾಡಬೇಕಾದದ್ದೇನು? ವರ್ಷಕ್ಕೊಂದು ಭಾಷಣ ಸಾಲದು. ಕಾಲೇಜುಗಳಲ್ಲಿ ದೂರು ವಿಚಾರಣೆಯ ಆಂತರಿಕ ಸಮಿತಿ ಇರಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ 2015ರಲ್ಲಿಯೇ ನಿಯಮ ಮಾಡಿದೆ. ಆ ಸಮಿತಿಯ ಬಾಗಿಲು ಎಲ್ಲಿದೆಯೆಂದು ಪ್ರತಿ ವಿದ್ಯಾರ್ಥಿಗೂ ಗೊತ್ತಿರಲಿ. ಅದರ ಜೊತೆಗೆ ಕನ್ನಡ ತರಗತಿಯ ಕೆಲವು ಗಂಟೆಗಳನ್ನು ಈ ಎರಡು ಪುಸ್ತಕಗಳಿಗೆ ಕೊಡಲಿ. ಒಂದೊಂದು ಪುಟವನ್ನು ಗಟ್ಟಿಯಾಗಿ ಓದಿ, ಮೂರೇ ಪ್ರಶ್ನೆ ಕೇಳಲಿ: ಇಲ್ಲಿ ಅವಳನ್ನು ಕೇಳಿದವರು ಯಾರು? ‘ಬೇಡ’ ಎಂದಿದ್ದರೆ ಅವಳಿಗೆ ಏನಾಗುತ್ತಿತ್ತು? ನಿನ್ನೆ ಒಪ್ಪಿದವಳು ಇಂದು ಮನಸ್ಸು ಬದಲಿಸಬಹುದೇ? ಹುಡುಗರೂ ಹುಡುಗಿಯರೂ ಒಂದೇ ಕೊಠಡಿಯಲ್ಲಿ ಕುಳಿತು ಉತ್ತರಿಸಲಿ. ಅಂಕ ಬೇಡ. ಕತೆಯ ಹುಡುಗಿಯ ವಿಷಯವಾದ್ದರಿಂದ ನಾಚಿಕೆಗೂ ಎಡೆಯಿಲ್ಲ. ತಮ್ಮ ಮಾತನ್ನೇ ಅವಳ ಹೆಸರಿನಲ್ಲಿ ಆಡಬಹುದು.

ಎರಡನೆಯ ಪ್ರಶ್ನೆಯಲ್ಲಿಯೇ ಆ ಹುಡುಗನಿಗೆ ಉತ್ತರವಿದೆ. ಗಾದೆ ಸುಳ್ಳಲ್ಲ, ಅದರ ಜಾಗ ಬೇರೆ. ‘ಬೇಡ’ ಎಂದರೂ ಏನೂ ಕೆಡುಕಾಗದೆಂಬ ಧೈರ್ಯವಿದ್ದವನು ಸುಮ್ಮನಿದ್ದರೆ, ಆ ಮೌನ ಸಮ್ಮತಿಯಾದೀತು. ಹೆದರಿದವರ ಮೌನ ಹೆದರಿಕೆಯ ಲಕ್ಷಣ, ಅಷ್ಟೇ. ಮತ್ತು ಯಾವ ಮೌನ ಯಾವುದೆಂದು ತಿಳಿಯದಿದ್ದಲ್ಲಿ ಊಹಿಸುವ ಅಗತ್ಯವಿಲ್ಲ, ಕೇಳಬಹುದು.

ಅಂದು ಎದ್ದು ನಿಂತು ಇಷ್ಟನ್ನು ಹೇಳಬಹುದಿತ್ತು. ಎಲ್ಲರೊಡನೆ ನಕ್ಕು ಸುಮ್ಮನಿದ್ದೆ. ನನ್ನ ಆ ಮೌನವನ್ನು ಅವನು ಯಾವುದರ ಲಕ್ಷಣವೆಂದು ತಿಳಿದುಕೊಂಡು ಹೋದನೋ ಎಂಬ ಚಿಂತೆ ಇನ್ನೂ ಬಿಟ್ಟಿಲ್ಲ.