ಮನೆಯೇ ಮತವಾದಾಗ

ಮತಪಂಥವನ್ನು ತೊರೆದು ಬಂದವರ ಆತ್ಮಕಥನಗಳಲ್ಲಿ ಸಾಮಾನ್ಯವಾಗಿ ಎತ್ತರದ ಗೋಡೆಯೊಂದಿರುತ್ತದೆ. ಅದನ್ನು ದಾಟಿದೊಡನೆ ಕಥೆ ಮುಗಿಯುತ್ತದೆ. ಮೇಗನ್ ಫೆಲ್ಪ್ಸ್-ರೋಪರ್ ಅವರ 'ಅನ್‌ಫಾಲೋ' (2019) ಆ ಜಾಡಿನ ಕೃತಿಯಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಟೊಪೀಕಾ ನಗರದಲ್ಲಿ ಅವರ ತಾಯಿಯ ತಂದೆ ಫ್ರೆಡ್ ಫೆಲ್ಪ್ಸ್ 1955ರಲ್ಲಿ ಆರಂಭಿಸಿದ ವೆಸ್ಟ್‌ಬರೊ ಬ್ಯಾಪ್ಟಿಸ್ಟ್ ಚರ್ಚಿನ ಮಕ್ಕಳು ಊರಿನ ಸರ್ಕಾರಿ ಶಾಲೆಗಳಲ್ಲಿಯೇ ಕಲಿತರು. ಹಿರಿಯರಲ್ಲಿ ಹಲವರು ವಕೀಲರು. ಸದಸ್ಯರೆಲ್ಲ ಬಹುಪಾಲು ಒಂದೇ ಕುಟುಂಬದವರು. ಗೋಡೆ ಇದ್ದದ್ದು ಮನಸ್ಸಿನಲ್ಲಿ.

1991ರಲ್ಲಿ ಸಲಿಂಗಪ್ರೇಮಿಗಳ ವಿರುದ್ಧ ಫಲಕ ಹಿಡಿದು ಬೀದಿಗಿಳಿದ ಈ ಪಂಥ, ಮುಂದೆ ಯುದ್ಧದಲ್ಲಿ ಮಡಿದ ಯೋಧರ ಅಂತ್ಯಕ್ರಿಯೆಗಳ ಬಳಿಯೂ ನಿಂತು ಆ ಸಾವುಗಳಿಗಾಗಿ ದೇವರನ್ನು ವಂದಿಸಿತು. ಯೋಧನೊಬ್ಬನ ತಂದೆ ಹೂಡಿದ ದಾವೆಯಲ್ಲಿ 2011ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 8-1ರ ಬಹುಮತದಿಂದ ಪಂಥದ ವಾಕ್‌ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು. ಕಾನೂನು ಕಾಪಾಡಿದ್ದೆಲ್ಲ ನೀತಿಯಲ್ಲವೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಐದು ವರ್ಷದ ಎಳೆಯ ಕೈಗೆ ಫಲಕ ಕೊಟ್ಟವರು ಕ್ರೂರಿಗಳಾಗಿರಲಿಲ್ಲ ಎಂಬುದೇ ಈ ಪುಸ್ತಕದ ಕಠಿಣ ಸತ್ಯ. ನೆರೆಯವನ ಪಾಪವನ್ನು ಎತ್ತಿ ತೋರುವುದೇ ಅವನ ಮೇಲಿನ ಪ್ರೀತಿ ಎಂದು ಅವರು ಮನಸಾರೆ ನಂಬಿದ್ದರು. ಮನೆಯೊಳಗಣ ಅಕ್ಕರೆಯನ್ನು ಲೇಖಕಿ ಎಲ್ಲಿಯೂ ಅಲ್ಲಗಳೆಯುವುದಿಲ್ಲ. ಅದನ್ನು ಅಲ್ಲಗಳೆದಿದ್ದರೆ ಕೃತಿ ಹಗುರವಾಗುತ್ತಿತ್ತು.

ಬದಲಾವಣೆ ಬಂದ ಬಗೆಯಂತೂ ವಿಚಾರಾರ್ಹ. ಪಂಥದ ಪರವಾಗಿ ಟ್ವಿಟ್ಟರಿನಲ್ಲಿ ವಾದಕ್ಕಿಳಿದ ಮೇಗನ್ ಅವರಿಗೆ ಡೇವಿಡ್ ಅಬಿಟ್ಬೋಲ್ ಎಂಬ ಯಹೂದಿ ಲೇಖಕರು ಎದುರಾದರು. ಅವರು ನಿಂದಿಸಲಿಲ್ಲ, ಪ್ರಶ್ನೆ ಕೇಳಿದರು: ಪಾಪಿಯನ್ನು ಕೊಂದೇಬಿಟ್ಟರೆ ಅವನು ಪಶ್ಚಾತ್ತಾಪ ಪಡುವುದು ಯಾವಾಗ? ವಿವಾಹಕ್ಕೆ ಮುನ್ನವೇ ಮಗುವನ್ನು ಹೆತ್ತಿದ್ದ ನಿಮ್ಮ ತಾಯಿಗೂ ಅದೇ ದಂಡನೆಯೇ? ಪಂಥದ ಗ್ರಂಥವನ್ನೇ ಹಿಡಿದು ಕೇಳಿದ ಪ್ರಶ್ನೆಗೆ ಪಂಥದೊಳಗೆ ಉತ್ತರವಿರಲಿಲ್ಲ. ಅದೇ ಕಾಲಕ್ಕೆ ಹಿರಿಯ ಗಂಡಸರ ಗುಂಪೊಂದು ಅಧಿಕಾರ ಹಿಡಿದು ಆ ತಾಯಿಯನ್ನೇ ಮೂಲೆಗೊತ್ತಿತು. ತರ್ಕದ ಬಿರುಕಿಗಿಂತ ಈ ಅನ್ಯಾಯವೇ ಮಗಳನ್ನು ಹೆಚ್ಚು ಕದಲಿಸಿತೆಂದು ನನಗೆ ತೋರುತ್ತದೆ. 2012ರ ನವೆಂಬರಿನಲ್ಲಿ ತಂಗಿಯೊಡನೆ ಮನೆ ಬಿಟ್ಟಾಗ ಕಳೆದುಕೊಂಡದ್ದು ಮತವನ್ನಷ್ಟೇ ಅಲ್ಲ. ತಂದೆತಾಯಿ, ಒಡಹುಟ್ಟಿದವರು ಎಲ್ಲರೂ ಒಂದೇ ದಿನಕ್ಕೆ ದೂರವಾದರು.

ಕೃತಿಯ ಕೊನೆಯ ಭಾಗ ಇಷ್ಟು ಬಿಗಿಯಾಗಿಲ್ಲ. ಅನುಭವ ಹಿಂದೆ ಸರಿದು ಉಪನ್ಯಾಸದ ಧಾಟಿ ಮುಂದಾಗುತ್ತದೆ. ಪಂಥದ ಫಲಕಗಳೆದುರು ಮಗನ ಶವಪೆಟ್ಟಿಗೆಯೊಡನೆ ಸಾಗಿದ ತಂದೆತಾಯಿಯರ ನೋವು, ಮನೆ ತೊರೆದವಳ ನೋವಿನಷ್ಟು ಹತ್ತಿರಕ್ಕೆ ಬರುವುದಿಲ್ಲ. ಆದರೆ 2014ರಲ್ಲಿ ಅಜ್ಜ ತೀರಿಕೊಳ್ಳುವ ಮುನ್ನಿನ ಪುಟಗಳಲ್ಲಿ ಬರವಣಿಗೆ ಮತ್ತೆ ತನ್ನ ಬಲವನ್ನು ಪಡೆಯುತ್ತದೆ. ಜಗತ್ತನ್ನೆಲ್ಲ ನರಕಕ್ಕೆ ಕಳುಹಿಸಿದ ಆ ಮುದುಕನನ್ನು ಮೊಮ್ಮಗಳು ಅಲ್ಲಿ ದ್ವೇಷಿಸುವುದಿಲ್ಲ, ಸಮರ್ಥಿಸುವುದೂ ಇಲ್ಲ.