ಜಾತ್ರೆಯ ಕನ್ನಡ, ಗುಳೆಯ ಕನ್ನಡ
ಶ್ರಾವಣದಲ್ಲಿ ಉರುಕುಂದ ಈರಣ್ಣನ ಸನ್ನಿಧಿಗೆ ಕರ್ನಾಟಕದಿಂದ ಭಕ್ತರು ಹರಿದುಬರುತ್ತಾರೆ. ಸುಗ್ಗಿ ಮುಗಿದ ಮೇಲೆ ಇದೇ ಸೀಮೆಯ ಕೂಲಿ ಕುಟುಂಬಗಳು ಗುಳೆ ಹೊರಡುತ್ತವೆ. 1953ರಲ್ಲಿ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಗಡಿನಾಡ ಬರಹ ಜಾತ್ರೆಯನ್ನು ಕಂಡಷ್ಟು ಗುಳೆಯನ್ನು ಕಂಡಿಲ್ಲ.

ಅಮೆರಿಕದ ಲ್ಯಾಟಿನೋ ಸಂಘಟನೆಯೊಂದು 1968ರಲ್ಲಿ ಹುಟ್ಟಿ, ‘ಲಾ ರಾಸಾ’ ಎಂಬ ಜನಾಂಗಸೂಚಕ ಹೆಸರನ್ನು ಹೊತ್ತು, 2017ರಲ್ಲಿ ‘ಯುನಿಡೋಸ್‌ಯುಎಸ್’ ಆಯಿತು. ಹೆಸರು ಬದಲಾದರೂ ವಸತಿ, ಆರೋಗ್ಯ, ಶಿಕ್ಷಣಗಳ ಹಕ್ಕೊತ್ತಾಯ ಉಳಿಯಿತು. ಅಲ್ಲಿ ಅಸ್ಮಿತೆಯ ಮಾತು ಕುಟುಂಬದ ಬದುಕನ್ನು ಮುಟ್ಟುತ್ತದೆ. ನಮ್ಮಲ್ಲಿ ಹಲವೊಮ್ಮೆ ಸಮ್ಮೇಳನದಲ್ಲೇ ನಿಲ್ಲುತ್ತದೆ.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಅಪೇಕ್ಷಿಸುತ್ತದೆ. ಗುಳೆ ಹೋದ ಮಗುವಿಗೆ ಶಾಲೆಯೇ ತಪ್ಪಿದರೆ ಕನ್ನಡ ಮಾಧ್ಯಮ ಯಾರಿಗೆ? ಗಡಿನಾಡ ಸಂಸ್ಥೆಗಳ ವಾದ ಭಾಷೆಯಿಂದ ಹೊರಟು ಕೂಲಿ, ಪಡಿತರ, ಹಾಜರಿ ಪುಸ್ತಕದವರೆಗೂ ಸಾಗಬೇಕು.